ಕಾಡಿನ ಜೀಪು ಮತ್ತು ಕಾಳಿನ ಚೀಲ

ಬಂಡೀಪುರದಲ್ಲೋ ಕಬಿನಿಯಲ್ಲೋ ಸಫಾರಿಗೆ ಹೋದವರು ನೋಡಿರ್ತೀರಿ. ಲಕ್ಷಗಟ್ಟಲೆ ಬೆಲೆಬಾಳುವ ಲೆನ್ಸು, ಅದರ ಕೆಳಗೆ ಪುಟ್ಟ ದಿಂಬಿನಂಥ ಒಂದು ಚೀಲ. ಚೀಲದೊಳಗೆ ಒಂದೆರಡು ಕಿಲೊ ಕಾಳು. ಇದಕ್ಕೆ ಬೀನ್ ಬ್ಯಾಗ್ ಅಂತಾರೆ. ಇಷ್ಟು ಸಾದಾ ವಸ್ತು ಇಷ್ಟು ದುಬಾರಿ ಲೆನ್ಸಿನ ಕೆಳಗೆ ಬಂದು ಕೂತದ್ದರ ಹಿಂದೆ ನಮ್ಮ ಕಾಡುಗಳ ಚರಿತ್ರೆಯೂ ಒಂದಿಷ್ಟು ಇದೆ.

ಮೊದಲು ಕ್ಯಾಮೆರಾ ನೆಲದ ಮೇಲೆ ನಿಲ್ತಿತ್ತು. ಇಂಗ್ಲೆಂಡಿನ ಕಿಯರ್ಟನ್ ಸಹೋದರರು 1900ರ ಹೊತ್ತಿಗೆ ಎತ್ತಿನ ಆಕಾರದ ಟೊಳ್ಳು ಬೊಂಬೆ ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ಅಡಗಿ ಹಕ್ಕಿಗಳ ಚಿತ್ರ ತೆಗೆದರು. 1920ರ ದಶಕದಲ್ಲಿ ಉತ್ತರ ಭಾರತದ ಅರಣ್ಯಾಧಿಕಾರಿ ಎಫ್. ಡಬ್ಲ್ಯೂ. ಚಾಂಪಿಯನ್ ಕಾಡಿನ ಹಾದಿಗೆ ತಂತಿ ಕಟ್ಟಿದರು. ಹುಲಿಯ ಕಾಲು ತಾಗಿದರೆ ಫ್ಲ್ಯಾಶ್ ಬೆಳಗಿ ಹುಲಿ ತನ್ನ ಫೋಟೊ ತಾನೇ ತೆಗೆದುಕೊಳ್ಳುತ್ತಿತ್ತು! ನಮ್ಮ ಬೆಂಗಳೂರಿನ ಒ. ಸಿ. ಎಡ್ವರ್ಡ್ಸ್, ಅವರ ಶಿಷ್ಯ ಟಿ. ಎನ್. ಎ. ಪೆರುಮಾಳ್ (1932-2017) ಇವರದ್ದೂ ಮರೆ ಕಟ್ಟಿ ಕಾದು ಕೂರುವ ಪರಂಪರೆಯೇ. ಅಲ್ಲಿ ಮೂರು ಕಾಲಿನ ಸ್ಟ್ಯಾಂಡೇ ರಾಜ.

ಆಮೇಲೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. 1980ರಲ್ಲಿ ಜಂಗಲ್ ಲಾಡ್ಜಸ್ ಶುರುವಾಗಿ ಕಬಿನಿಗೆ ಪ್ರವಾಸಿಗರು ಬರತೊಡಗಿದರು. ಇಂಥ ಕಾಡುಗಳಲ್ಲಿ ಸಫಾರಿ ಗಾಡಿಯಿಂದ ಕೆಳಗೆ ಇಳಿಯುವಂತಿಲ್ಲ. ಅಂದ್ರೆ ಛಾಯಾಗ್ರಾಹಕ ನೆಲ ಕಳಕೊಂಡ. ಜೀಪಿನೊಳಗೆ ಸ್ಟ್ಯಾಂಡಿನ ಮೂರು ಕಾಲು ಚಾಚೋಕೆ ಜಾಗ ಎಲ್ಲಿ? ಚಾಚಿದರೂ ಜೀಪಿನ ನಡುಕ ಆ ಕಾಲುಗಳ ಮೂಲಕವೇ ಲೆನ್ಸಿಗೆ ಏರುತ್ತದೆ.

ನಡುಕದಿಂದ ಏನಾಗುತ್ತೆ ಅಂತೀರಾ? ಸ್ವಲ್ಪ ಲೆಕ್ಕ ಮಾಡೋಣ (ಎಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದರೂ ಬೇಡವೇ :)). 500 ಮಿ.ಮೀ. ಲೆನ್ಸನ್ನು ಕೈಯಲ್ಲಿ ಹಿಡಿದರೆ ಶಟರ್ ವೇಗ ಕನಿಷ್ಠ 1/500 ಸೆಕೆಂಡ್ ಇರಬೇಕು ಅನ್ನೋದು ಹಳೆಯ ಸೂತ್ರ. 1974ರಲ್ಲಿ ಬಂದ ಕೊಡಾಕ್ರೋಮ್ 64 ಫಿಲ್ಮಿನಲ್ಲಿ, ಎಫ್ 5.6ರಲ್ಲಿ, ಇಷ್ಟು ವೇಗ ಸಿಗೋದು ಬಟಾಬಯಲಿನ ಬಿಸಿಲಲ್ಲಿ ಮಾತ್ರ. ಮರದ ನೆರಳಿಗೆ ಹೋದರೆ 1/60 ಅಥವಾ 1/30. ಹುಲಿ ಬಿಸಿಲಿಗೆ ಬಂದು ಪೋಸ್ ಕೊಡುತ್ತದೆಯೇ? ಹಾಗಾಗಿ ಆಸರೆ ಇಲ್ಲದೆ ಚಿತ್ರವೇ ಇರಲಿಲ್ಲ.

ಬಂದೂಕಿನ ನಳಿಕೆಗೆ ಮರಳಿನ ಚೀಲ ಕೊಡುವುದು ಹಳೆಯ ಉಪಾಯ. ಅದೇ ಉಪಾಯ ಕ್ಯಾಮೆರಾಕ್ಕೂ ಒದಗಿತು. ಕಾಳು ಹರಿಯುತ್ತದೆ, ಹಾಗಾಗಿ ಕೆಳಗೆ ಜೀಪಿನ ಕಂಬಿಗೂ ಮೇಲೆ ಲೆನ್ಸಿನ ಮೈಗೂ ತಾನಾಗಿ ಹೊಂದಿಕೊಳ್ಳುತ್ತದೆ. ಭಾರ ಬಿದ್ದಾಗ ಕಾಳಿಗೆ ಕಾಳು ತಿಕ್ಕಿ ಗಟ್ಟಿಯಾಗುತ್ತದೆ, ಸಣ್ಣ ನಡುಕವನ್ನು ನುಂಗುತ್ತದೆ. ಚೀಲ ಪೂರ್ತಿ ತುಂಬಬಾರದು, ಮುಕ್ಕಾಲು ಸಾಕು. ಆಫ್ರಿಕಾಕ್ಕೆ ಹೋಗುವವರು ಖಾಲಿ ಚೀಲ ಒಯ್ದು ಅಲ್ಲೇ ಅಕ್ಕಿನೋ ಅವರೆಯಂಥ ಕಾಳೋ ತುಂಬಿಸಿಕೊಳ್ತಾರೆ. ನಮ್ಮ ಕಣಗಿನಹಾಳದ ಕಡೆಯವರಿಗಂತೂ ಚಿಂತೆಯೇ ಇಲ್ಲ, ಮನೆಯಲ್ಲಿ ಜ್ವಾಳ ಇದ್ದೇ ಇರ್ತದೆ! ನುಸಿ ಹಿಡಿಯೋ ಮೊದಲು ಬದಲಾಯಿಸಿದರಾಯ್ತು. ಚಳಿಗಾಲದಲ್ಲಿ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಗೆ (2024ರಿಂದ ಇದು ರಾಮ್ಸಾರ್ ತಾಣ) ಪಟ್ಟೆತಲೆ ಹೆಬ್ಬಾತುಗಳು ಬಂದಾಗ ಕಾರಿನ ಕಿಟಕಿಯ ಗಾಜು ಅರ್ಧ ಇಳಿಸಿ ಅದರ ಮೇಲೆ ಈ ಚೀಲ ಇಟ್ಟರೆ ಸಾಕು. ಇಳಿದು ನಿಂತ ಮನುಷ್ಯನಿಗಿಂತ ನಿಂತ ಕಾರಿಗೆ ಹಕ್ಕಿಗಳು ಕಡಿಮೆ ಹೆದರುತ್ತವೆ.

1995ರಲ್ಲಿ ಕ್ಯಾನನ್ ಕಂಪನಿ ನಡುಕ ತಡೆಯುವ ಲೆನ್ಸ್ ತಂತು. ಆಮೇಲೆ ಡಿಜಿಟಲ್ ಬಂದು ಮಬ್ಬು ಬೆಳಕಲ್ಲೂ ವೇಗದ ಶಟರ್ ಸಾಧ್ಯವಾಯಿತು. ಹಾಗಾದರೆ ಚೀಲದ ಕೆಲಸ ಮುಗೀತಾ? ಇಲ್ಲ. ನಾಲ್ಕು ಕಿಲೊ ಲೆನ್ಸನ್ನು ಅರ್ಧ ಗಂಟೆ ಎತ್ತಿ ಹಿಡಿದು ಕಾಯುವ ತೋಳು ಯಾರಿಗಿದೆ?

ಆದರೆ ನನಗೆ ಈ ಚೀಲ ಇಷ್ಟವಾಗೋದು ಬೇರೆ ಕಾರಣಕ್ಕೆ. ಎಂಜಿನ್ ಚಾಲೂ ಇದ್ದರೆ, ಪಕ್ಕದವರು ಎದ್ದು ಕೂತು ಮಾಡಿದರೆ, ಎಂಥಾ ಚೀಲ ಇದ್ದರೂ ಚಿತ್ರ ಅಲುಗುತ್ತದೆ. ಗಾಡಿಯಲ್ಲಿದ್ದ ಎಲ್ಲರೂ ಸುಮ್ಮನಿದ್ದರೆ ಮಾತ್ರ ಒಬ್ಬನ ಚಿತ್ರ ಚೆನ್ನಾಗಿ ಬರೋದು. 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಕಟ್ಟಿದ ಊರಿನವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ :). ಆ ಮೌನದ ಲಾಭ ನಮಗಿಂತ ಹೆಚ್ಚು ಪ್ರಾಣಿಗೆ. ಎಂಜಿನ್ ಸದ್ದಿಲ್ಲ, ಹೊಗೆ ಇಲ್ಲ, ಕೂಗಾಟ ಇಲ್ಲ. ಅದು ತನ್ನ ಪಾಡಿಗೆ ನೀರು ಕುಡಿದು ಹೋಗುತ್ತದೆ. ಲೆನ್ಸು ಎಷ್ಟೇ ಜಾಣ ಆಗಲಿ, ಈ ಶಿಸ್ತನ್ನ ಅದು ನಮಗೆ ಕಲಿಸೋದಿಲ್ಲ.

ಮುಂದಿನ ಸಲ ಸಫಾರಿಗೆ ಹೋದಾಗ ಕ್ಯಾಮೆರಾ ಇಲ್ಲದಿದ್ದರೂ ಪರವಾಗಿಲ್ಲ, ಪ್ರಾಣಿ ಕಂಡ ಕೂಡಲೇ ಡ್ರೈವರ್‌ಗೆ ಮೆಲ್ಲಗೆ ಒಂದು ಮಾತು ಹೇಳಿ: "ಅಣ್ಣಾ, ಸ್ವಲ್ಪ ಎಂಜಿನ್ ಆಫ್ ಮಾಡ್ರಿ."