ವೀರಲಾವಣಿ (ಜಮಖಂಡಿ–ಮುಧೋಳ ಸೀಮೆ)

ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಆ ಸೀಮೆಯ ವೀರರ ಮೇಲೆ ಕಟ್ಟಿ ಹಾಡುತ್ತ ಬಂದ ಕಥನಗೀತೆಗಳ ಪರಂಪರೆ. ಗೀಗೀ ಮೇಳದಲ್ಲಿ ಮುಂದಿನವರು ದಪ್ಪು ಬಾರಿಸುತ್ತ ಕತೆ ಎತ್ತಿದರೆ, ಹಿಮ್ಮೇಳದವರು ತುಂತುಣಿ, ತಾಳ ಹಿಡಿದು ‘ಗೀಗೀ’ ಎಂದು ದನಿಗೂಡಿಸುತ್ತಾರೆ.

ಇವುಗಳಲ್ಲಿ ಹೆಸರಾದದ್ದು ಹಲಗಲಿ ಬೇಡರ ಲಾವಣಿ. ಜನರ ಬಳಿಯ ಆಯುಧಗಳನ್ನು ಕಸಿದುಕೊಳ್ಳುವ ಕಾನೂನನ್ನು ಬ್ರಿಟಿಷರು 1857ರಲ್ಲಿ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕತ್ತಿ, ಬಂದೂಕು ಒಪ್ಪಿಸಲಿಲ್ಲ. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಲಾಯಿತು. ಲಾವಣಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರನ್ನು ಹೆಸರಿಟ್ಟು ಕರೆಯುತ್ತದೆ. ಅಂಕಿತ ಕುರ್ತಕೋಟಿ ಕಲ್ಮೇಶನದು. ಕಾಳಗದ ವರ್ಣನೆಗಿಂತ ಅದರಲ್ಲಿ ಬರುವ ಸುಲಿಗೆಯ ಪಟ್ಟಿಯೇ ಹೆಚ್ಚು ತಾಕುತ್ತದೆ: ಕೊಡಲಿ, ಬೆಣ್ಣೆ, ಉಪ್ಪು, ಅರಿಶಿಣ, ಚರಿಗೆ, ಮಂಗಳಸೂತ್ರ, ಕಡೆಗೆ ಬೀಸುಕಲ್ಲು ಕೂಡ. ಬೀಸುಕಲ್ಲನ್ನೂ ಹೊತ್ತೊಯ್ದ ದಂಡಿನ ಬಗ್ಗೆ ಕವಿ ಬೇರೆ ತೀರ್ಪು ಹೇಳಬೇಕಾಗಿರಲಿಲ್ಲ. ಜಾನ್ ಫೇಥ್‌ಫುಲ್ ಫ್ಲೀಟ್ 19ನೇ ಶತಮಾನದ ಕೊನೆಯಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಮಾಡಿದ ಕನ್ನಡ ಲಾವಣಿಗಳಲ್ಲಿ ಇದೂ, ಸಂಗೊಳ್ಳಿ ರಾಯಣ್ಣನದೂ ಸೇರಿವೆ. ಮುಂದೆ ಇದು ಶಾಲೆಯ ಪಠ್ಯಕ್ಕೂ ಬಂತು.

ಎರಡನೆಯ ನಾಯಕ ಸಿಂಧೂರ ಲಕ್ಷ್ಮಣ. ಇಂದು ಮಹಾರಾಷ್ಟ್ರದಲ್ಲಿರುವ ಜತ್ತ ತಾಲ್ಲೂಕಿನ ಸಿಂಧೂರಿನವನು. ಸರ್ಕಾರಕ್ಕೆ ದರೋಡೆಕೋರ, ಹಾಡಿದವರಿಗೆ ಬಡವರ ಬಂಧು. 1922ರಲ್ಲಿ ಬೀಳಗಿ ಸೀಮೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ. ಪದಗಳಿಂದ ಕಂಪನಿ ನಾಟಕಕ್ಕೆ, 1977ರಲ್ಲಿ ಸಿನಿಮಾಕ್ಕೆ ಅವನ ಕತೆ ಹೋಯಿತು.

ಸೋತು ಸತ್ತವರಿಗೇ ಇಲ್ಲಿ ದೊಡ್ಡ ಪದಗಳು ದಕ್ಕಿವೆ. ಇಟಲಿಯಲ್ಲಿ ಗೆದ್ದವರಿಗೂ ಪಾಲು ಸಿಕ್ಕಿತು. 1938 ಮತ್ತು 1948ರಲ್ಲಿ ಟೂರ್ ಡಿ ಫ್ರಾನ್ಸ್ ಗೆದ್ದ ಸೈಕಲ್ ಪಟು ಜಿನೊ ಬಾರ್ತಾಲಿಯ ಮೇಲೆ ಪಾವ್ಲೊ ಕಾಂಟೆ 1979ರಲ್ಲಿ ಹಾಡು ಕಟ್ಟಿದ. ಲುಯಿಜಿ ಗ್ರೆಕಿ ಬರೆದ, ಅವನ ತಮ್ಮ ಫ್ರಾಂಚೆಸ್ಕೊ ದೆ ಗ್ರೆಗೋರಿ 1993ರಲ್ಲಿ ಜನಪ್ರಿಯಗೊಳಿಸಿದ ಇನ್ನೊಂದು ಹಾಡಿನಲ್ಲಂತೂ ಒಂದೇ ಊರಿನ ಇಬ್ಬರು ಜೊತೆಯಾಗಿದ್ದಾರೆ: ಸೈಕಲ್ ವೀರ ಜಿರಾರ್ದೆಂಗೊ, ದರೋಡೆಕೋರ ಪೊಲ್ಲಾಸ್ತ್ರಿ. ಲಕ್ಷ್ಮಣನ ಪದ ಕೇಳಿ ಬೆಳೆದವರಿಗೆ ಈ ಜೋಡಿಯಲ್ಲಿ ಅರ್ಧ ಪರಿಚಿತವೇ.

ಹಾಗೆಂದು ಈ ಸೀಮೆಗೆ ಆಟದ ಹುರುಪು ಕಡಿಮೆಯಲ್ಲ. ಜಾತ್ರೆ ಬಂತೆಂದರೆ ಕುಸ್ತಿ, ಸಂಗ್ರಾಣಿ ಕಲ್ಲು, ತೆರಬಂಡಿ, ಸೈಕಲ್ ಶರ್ಯತ್ತು. ರಾಜ್ಯಕ್ಕೆ ಪದಕ ತರುವ ಸೈಕಲ್ ಪಟುಗಳಲ್ಲಿ ಬಹಳ ಮಂದಿ ಬಾಗಲಕೋಟೆ, ವಿಜಯಪುರ ಜಿಲ್ಲೆಗಳವರು. ಆದರೆ ಇಂದು ಮೊಬೈಲಿನಲ್ಲಿ ಹರಿದಾಡುವ ಹೊಸ ಜಾನಪದ ಹಾಡುಗಳು ಶರ್ಯತ್ತಿನ ಸಂಭ್ರಮ ಹಿಡಿದಾಗ ಮೆರೆಯುವುದು ಹೆಚ್ಚಾಗಿ ಎತ್ತುಗಳು. ಎತ್ತಿನ ಹೆಸರು, ಒಡೆಯನ ಹೆಸರು, ಊರಿನ ಹೆಸರು ಒಂದರ ಹಿಂದೊಂದು ಬರುತ್ತವೆ.