ಗಾಳಿಯ ಜಮಾ-ಖರ್ಚು

ತಿಂಗಳ ಕೊನೆಯಲ್ಲಿ ಲೆಕ್ಕ ತಾಳೆಯಾಗದಿದ್ದರೆ ಗುಮಾಸ್ತರಾದ ನಮಗೆ ಊಟ ಸೇರದು. ಬಂದದ್ದೆಷ್ಟು, ಹೋದದ್ದೆಷ್ಟು, ಶಿಲ್ಕು ಎಷ್ಟು, ಈ ಮೂರೂ ಹೊಂದಲೇಬೇಕು. ಇಂಥದೇ ಒಂದು ಲೆಕ್ಕ ವಿಜ್ಞಾನಿಗಳನ್ನು ಬಹುಕಾಲ ಕಾಡಿತು. ಮನುಷ್ಯ ಕಲ್ಲಿದ್ದಲು, ಎಣ್ಣೆ ಸುಟ್ಟು ಹೊರಬಿಟ್ಟ ಇಂಗಾಲದ ಡೈಆಕ್ಸೈಡ್ ಎಷ್ಟು? ಅದೆಲ್ಲ ಎಲ್ಲಿಗೆ ಹೋಯಿತು?

ಕಲ್ಲಿದ್ದಲಿನ ಹೊಗೆಯಿಂದ ಭೂಮಿ ಬಿಸಿಯಾದೀತೆಂದು ಸ್ವೀಡನ್ನಿನ ಅರ್ಹೇನಿಯಸ್ 1896ರಲ್ಲೇ ಲೆಕ್ಕ ಹಾಕಿದ್ದರು. 1938ರಲ್ಲಿ ಕ್ಯಾಲೆಂಡರ್ ಎಂಬ ಇಂಗ್ಲಿಷ್ ಇಂಜಿನಿಯರು ಹಳೆಯ ಅಳತೆಗಳನ್ನೆಲ್ಲ ಕಲೆಹಾಕಿ, ಗಾಳಿಯಲ್ಲಿ ಈ ಅನಿಲ ಆಗಲೇ ಹೆಚ್ಚಿದೆ ಎಂದರು. ಪಂಡಿತರು ಸುಲಭವಾಗಿ ನಂಬಲಿಲ್ಲ. ಊರಿಂದೂರಿಗೆ, ಗಳಿಗೆಯಿಂದ ಗಳಿಗೆಗೆ ಬದಲಾಗುವ ಅಳತೆಗಳನ್ನು ನೆಚ್ಚುವುದು ಹೇಗೆ? ಅಲ್ಲದೆ, ಹೆಚ್ಚಾದದ್ದನ್ನೆಲ್ಲ ಸಮುದ್ರರಾಜ ನುಂಗಿಬಿಡುತ್ತಾನೆ ಎಂಬುದೇ ಆಗ ಬಹುಮಂದಿಯ ಭರವಸೆಯಾಗಿತ್ತು.

ಆ ಭರವಸೆಗೆ 1957ರಲ್ಲಿ ಪೆಟ್ಟು ಬಿತ್ತು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಾಗರ ಸಂಸ್ಥೆಯ ರೆವೆಲ್ ಮತ್ತು ಸ್ಯೂಸ್, ಕಡಲ ನೀರಿನ ರಾಸಾಯನಿಕ ಗುಣವೇ ಈ ಅನಿಲವನ್ನು ಬೇಗ ಹೀರಲು ಬಿಡದು ಎಂದು ತೋರಿಸಿದರು. ಹಾಗಾದರೆ ಗಾಳಿಯನ್ನೇ ಅಳೆಯಬೇಕು. ಒಂದು ದಿನವಲ್ಲ, ಪ್ರತಿದಿನ.

ಆ ಕೆಲಸಕ್ಕೆ ಸಿಕ್ಕವರು ಚಾರ್ಲ್ಸ್ ಕೀಲಿಂಗ್. ಪೇಟೆಯ ಹೊಗೆ ಸೋಕದ ಜಾಗ ಬೇಕೆಂದು ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ, ಸುಮಾರು 3,400 ಮೀಟರ್ ಎತ್ತರದಲ್ಲಿ ಅವರ ಯಂತ್ರವನ್ನಿಟ್ಟರು. 1958ರ ಮಾರ್ಚಿನಲ್ಲಿ ಸಿಕ್ಕ ಮೊದಲ ಅಂಕಿ: ಹತ್ತು ಲಕ್ಷ ಭಾಗ ಗಾಳಿಯಲ್ಲಿ 313 ಭಾಗ. ಮೇ ತಿಂಗಳವರೆಗೆ ಏರಿ, ಆಮೇಲೆ ಇಳಿಯಿತು, ಮರುವರ್ಷವೂ ಹಾಗೆಯೇ. ಉತ್ತರಾರ್ಧ ಗೋಳದ ಗಿಡಮರಗಳು ಚಿಗುರಿದಾಗ ಅನಿಲವನ್ನು ಹೀರಿ, ಎಲೆ ಕೊಳೆತಾಗ ಬಿಡುತ್ತವೆ. ಇದು ಭೂಮಿಯ ಉಸಿರಾಟ. ಆದರೆ ಪ್ರತಿ ವರ್ಷವೂ ಗೆರೆ ಹಿಂದಿನ ವರ್ಷಕ್ಕಿಂತ ತುಸು ಮೇಲೆ ನಿಲ್ಲುತ್ತಿತ್ತು.

1964ರಲ್ಲಿ ಹಣದ ಮುಗ್ಗಟ್ಟಿನಿಂದ ಈ ಅಳತೆ ಕೆಲಕಾಲ ನಿಂತೇಹೋಗಿತ್ತು. ಕೀಲಿಂಗ್ ಪಟ್ಟುಬಿಡದೆ ಮುಂದುವರಿಸಿದರು. 2005ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. 2022ರ ನವೆಂಬರಿನಲ್ಲಿ ಜ್ವಾಲಾಮುಖಿಯೇ ಸಿಡಿದು ದಾರಿ, ವಿದ್ಯುತ್ತು ಕಡಿದಾಗ, ಪಕ್ಕದ ಮೌನಾ ಕೇಯಾ ಪರ್ವತದಿಂದ ಕೆಲವು ತಿಂಗಳು ಅಳೆದರು.

ಇದು ಶಿಲ್ಕಿನ ಮಾತಾಯಿತು. ಹೊರಬಿಟ್ಟದ್ದರ ಲೆಕ್ಕ ಹೇಗೆ? ಪ್ರತಿ ಚಿಮಣಿಗೂ ಯಂತ್ರ ಕಟ್ಟಿದವರಿಲ್ಲ. ಇಲ್ಲಿ ನಮ್ಮವರೇ, ಅಂದರೆ ಗುಮಾಸ್ತರೇ, ಕೆಲಸಕ್ಕೆ ಬಂದರು. ಗಣಿಯಿಂದ ಎಷ್ಟು ಕಲ್ಲಿದ್ದಲು ಬಂತು, ಬಂದರಿನಲ್ಲಿ ಎಷ್ಟು ಎಣ್ಣೆ ಇಳಿಯಿತು ಎಂದು ದೇಶದೇಶಗಳ ಕಚೇರಿಗಳು ಬರೆದಿಟ್ಟ ಅಂಕಿಗಳನ್ನು ವಿಶ್ವಸಂಸ್ಥೆ ಕೂಡಿಹಾಕಿತ್ತು. ಅಂಥ ಅಂಕಿಗಳ ಮೇಲೆಯೇ ಕೀಲಿಂಗ್ 1973ರಲ್ಲಿ ತಮ್ಮ ಲೆಕ್ಕ ಕಟ್ಟಿದರು. ಸೂತ್ರ ನಾವು ಕಾಲೇಜಿನಲ್ಲಿ ಕಲಿತದ್ದೇ: 12 ಟನ್ ಇಂಗಾಲ ಉರಿದರೆ, ಗಾಳಿಯ ಆಮ್ಲಜನಕವನ್ನು ಕೂಡಿಕೊಂಡು 44 ಟನ್ ಅನಿಲ. ಆ ದಿನಗಳಲ್ಲಿ ಲೆಡ್ಜರು ತುಂಬಿದ ಯಾವ ಗುಮಾಸ್ತನಿಗೆ ತಾನು ಭೂಮಿಯ ಲೆಕ್ಕ ಬರೆಯುತ್ತಿದ್ದೇನೆಂದು ಗೊತ್ತಿದ್ದೀತು!

ಈಗ ತಾಳೆ ನೋಡೋಣ. ಕಾಡು ಕಡಿದದ್ದೂ ಸೇರಿ ಇತ್ತೀಚಿನ ವರ್ಷಗಳಲ್ಲಿ ಹೊರಬೀಳುತ್ತಿರುವುದು ವರ್ಷಕ್ಕೆ ಸುಮಾರು 4,000 ಕೋಟಿ ಟನ್. ಸುಮಾರು 780 ಕೋಟಿ ಟನ್ನಿಗೆ ಗಾಳಿಯಲ್ಲಿ ಒಂದು ಭಾಗ ಏರುತ್ತದೆ. ಅಂದರೆ ಐದು ಭಾಗ ಏರಬೇಕಿತ್ತು. ಏರುತ್ತಿರುವುದು ಸರಾಸರಿ ಎರಡೂವರೆ. ಅರ್ಧ ಎಲ್ಲಿ?

ಉತ್ತರ ಸಿಕ್ಕಿದ್ದು ಆಮ್ಲಜನಕದಿಂದ. ಗಿಡಮರಗಳು ಈ ಅನಿಲ ಹೀರಿದರೆ ಆಮ್ಲಜನಕ ಬಿಡುತ್ತವೆ. ಕಡಲು ಹೀರಿದರೆ ಬಿಡುವುದಿಲ್ಲ. ಕೀಲಿಂಗರ ಮಗ ರಾಲ್ಫ್ 1980ರ ದಶಕದ ಕೊನೆಯಿಂದ ಗಾಳಿಯ ಆಮ್ಲಜನಕವನ್ನು ಬಹು ಸೂಕ್ಷ್ಮವಾಗಿ ಅಳೆಯತೊಡಗಿದ ಮೇಲೆ ಎರಡರ ಪಾಲೂ ಬೇರೆಬೇರೆಯಾಗಿ ತಿಳಿಯಿತು. ಹೊರಬಿಟ್ಟದ್ದರಲ್ಲಿ ಸುಮಾರು ಕಾಲುಭಾಗ ಕಡಲಿಗೆ, ಹೆಚ್ಚುಕಡಿಮೆ ಅಷ್ಟೇ ಕಾಡು-ಮಣ್ಣಿಗೆ.

ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ನಾವು, ಕಾರವಾರ ಬರುವ ಮುನ್ನ ಗೋವಾದ ಕಾಣಕೋಣ ದಾಟುತ್ತೇವಲ್ಲ, ಆ ತಾಲ್ಲೂಕಿನ ಕಡಲಂಚಿನಲ್ಲಿ ಕಾಬೊ ದಿ ರಾಮ ಎಂಬ ಭೂಶಿರವಿದೆ. 1993ರಿಂದ ಅಲ್ಲಿಯ ಗಾಳಿಯನ್ನು ಗಾಜಿನ ಪಾತ್ರೆಗಳಲ್ಲಿ ತುಂಬಿ, ಆಸ್ಟ್ರೇಲಿಯಾದ ಪ್ರಯೋಗಾಲಯಕ್ಕೆ ಕಳಿಸಿ ಹಲವು ವರ್ಷ ಅಳೆಸಿದರು. ಮಳೆಗಾಲದಲ್ಲಿ ಕಡಲ ಕಡೆಯ ಗಾಳಿ, ಚಳಿಗಾಲದಲ್ಲಿ ನಾಡಿನ ಒಳಗಿನ ಗಾಳಿ. ಎರಡರ ವ್ಯತ್ಯಾಸ ಅಲ್ಲಿ ಸ್ಪಷ್ಟವಾಗಿ ಕಂಡಿತು. ಜಗತ್ತಿನ ಲೆಕ್ಕದಲ್ಲಿ ನಮ್ಮ ಕರಾವಳಿಯದೂ ಒಂದು ನಮೂದು.

ಲೆಕ್ಕ ತಾಳೆಯಾಯಿತೆಂದು ನಿಶ್ಚಿಂತರಾಗುವಂತಿಲ್ಲ. ಕಡಲು ತನ್ನ ಪಾಲು ನುಂಗಿದಷ್ಟೂ ಅದರ ನೀರಿನ ಆಮ್ಲಗುಣ ಹೆಚ್ಚುತ್ತಿದೆ. ಕಾಡು ಕೂಡಿಟ್ಟದ್ದು ಒಂದು ಕಾಳ್ಗಿಚ್ಚಿಗೆ ಮರಳಿ ಗಾಳಿಗೆ ಬಂದೀತು. ಅವು ನಮಗೆ ಕೊಟ್ಟದ್ದು ದಾನವಲ್ಲ, ಸಾಲ. ಕಾರ್ಖಾನೆಗಳ ಯುಗಕ್ಕೆ ಮುಂಚೆ 280ರಷ್ಟಿದ್ದ ಅಂಕಿ 2024ರಲ್ಲಿ 424 ದಾಟಿದೆ. ಶಿಲ್ಕು ಬೆಳೆದರೆ ಕಚೇರಿಯಲ್ಲಿ ಸಂತೋಷ. ಈ ಒಂದು ಪುಸ್ತಕದಲ್ಲಿ ಮಾತ್ರ ಅದು ನಮ್ಮ ಮಕ್ಕಳ ತಲೆಯ ಮೇಲಿನ ಬಾಕಿ.