ಹತ್ತಿ ಮೂಟೆಯಿಂದ ಬಿಜೆಟಿ ಸ್ಕೋರ್‌ವರೆಗೆ: ಮುಂಬೈ ಮತ್ತು ವ್ಯವಹಾರದ ಜಪಾನೀಸ್

ಮುಂಬೈನಲ್ಲಿರೋ ನಮ್ಮ ಐಟಿ ಗೆಳೆಯರ ಪ್ರಶ್ನೆ ಒಂದೇ: "ಜಪಾನ್ ಪ್ರಾಜೆಕ್ಟ್ ಬೇಕು, ಯಾವ ಪರೀಕ್ಷೆ ಬರೀಲಿ?" ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗೋಣ.

1893ರಲ್ಲಿ ಜಪಾನಿನ ಎನ್‌ವೈಕೆ ಹಡಗು ಕಂಪನಿ ಜೆಮ್‌ಷೆಟ್‌ಜಿ ಟಾಟಾ ಅವರ ಜೊತೆ ಸೇರಿ ಮುಂಬೈ ಮಾರ್ಗ ತೆರೆಯಿತು. ಇಲ್ಲಿಂದ ಹೋಗ್ತಿದ್ದದ್ದು ಹತ್ತಿ. ಹತ್ತಿಯನ್ನ ಕೈಯಲ್ಲಿ ಹಿಡಿದು ನೋಡಬಹುದು. ಸಾಫ್ಟ್‌ವೇರ್ ಹಾಗಲ್ಲ. ಗ್ರಾಹಕನಿಗೆ ಏನು ಬೇಕು ಅನ್ನೋದು ಮೇಲ್, ಫೋನ್, ಮೀಟಿಂಗ್‌ನಲ್ಲೇ ತಿಳೀಬೇಕು.

ನಮಗೆ ಗೊತ್ತಿರೋ ಜೆಎಲ್‌ಪಿಟಿ 1984ರಲ್ಲಿ ಶುರುವಾಯ್ತು. 2010ರಿಂದ ಅದಕ್ಕೆ ಎನ್5ರಿಂದ ಎನ್1ರ ತನಕ ಐದು ಹಂತ. ಅದು ಸಾಮಾನ್ಯ ಭಾಷೆಯ ಪರೀಕ್ಷೆ. ಕಚೇರಿ ಭಾಷೆಗೆ ಅಂತಲೇ 1996ರಲ್ಲಿ ಜೆಟ್ರೋ ಸಂಸ್ಥೆ ಬಿಜೆಟಿ ಆರಂಭಿಸಿತು. 2009ರಲ್ಲಿ ಅದು ಜಪಾನಿನ ಕಾಂಜಿ ಪರೀಕ್ಷಾ ಪ್ರತಿಷ್ಠಾನಕ್ಕೆ ಹೋಯ್ತು, 2017ರಲ್ಲಿ ಕಂಪ್ಯೂಟರ್ ಮೇಲೆ ಬಂತು. ಪಾಸು-ಫೇಲು ಇಲ್ಲ, 800ಕ್ಕೆ ಇಷ್ಟು ಅಂತ ಅಂಕ.

ಇಲ್ಲಿ ಕಾಂಜಿ ಮಾತ್ರ ಕಷ್ಟ ಅಲ್ಲ, ಸಂದರ್ಭವೂ ಕಷ್ಟ. ಗ್ರಾಹಕರು ಫೋನ್ ಮಾಡಿ ನಿಮ್ಮ ಮ್ಯಾನೇಜರ್ ತನಾಕಾ ಅವರನ್ನ ಕೇಳ್ತಾರೆ ಅಂದ್ಕೊಳ್ಳಿ. ನಾವಾದ್ರೆ "ಸಾಹೇಬ್ರು ಹೊರಗೆ ಹೋಗಿದ್ದಾರೆ" ಅಂತೀವಿ. ಜಪಾನಿನಲ್ಲಿ ಹೊರಗಿನವರ ಮುಂದೆ ನಮ್ಮ ಮೇಲಧಿಕಾರಿಗೆ "ಸಾನ್" ಸೇರಿಸಬಾರದು, ಬರೀ "ತನಾಕಾ" ಅನ್ನಬೇಕು. ನಮ್ಮ ಮರ್ಯಾದೆ ಅಲ್ಲಿ ತಪ್ಪಾಗುತ್ತೆ! ಆದ್ರೆ "ಕೆಂತೋ ಶಿಮಾಸು", ಅಂದ್ರೆ "ಪರಿಶೀಲಿಸ್ತೀವಿ" ಅನ್ನೋದು ಎಷ್ಟೋ ಸಲ "ಇಲ್ಲ" ಅಂತಲೇ ಅನ್ನೋದು ನಮಗೆ ಬೇಗ ಹೊಳೆಯುತ್ತೆ. ಸಾಲ ಕೇಳಿದಾಗ ನಾವೂ "ನೋಡೋಣ" ಅಂತೀವಲ್ಲ!

ಬರೆಯೋರ ಬೇಸರ ಏನಂದ್ರೆ, ಎಚ್‌ಆರ್‌ನವರು "ಎನ್2 ಇದೆಯಾ?" ಅಂತಷ್ಟೇ ಕೇಳ್ತಾರೆ; ಬಿಜೆಟಿ ಸ್ಕೋರ್ ತೋರಿಸಿದ್ರೆ ಅದೇನು ಅಂತ ನಾವೇ ವಿವರಿಸಬೇಕು. ಆದ್ರೆ ಜಪಾನಿನ ಉನ್ನತ ಕೌಶಲ್ಯ ವೀಸಾ ಲೆಕ್ಕದಲ್ಲಿ ಎರಡಕ್ಕೂ ಬೆಲೆ ಇದೆ: ಎನ್1 ಅಥವಾ ಬಿಜೆಟಿ 480ಕ್ಕೆ 15 ಪಾಯಿಂಟ್, ಎನ್2 ಅಥವಾ 400ಕ್ಕೆ 10.

ಇನ್ನೊಂದು ಕೊರತೆ: ಎರಡೂ ಪರೀಕ್ಷೆಯಲ್ಲಿ ನೀವು ಬಾಯಿ ತೆರೆಯೋ ಹಾಗೇ ಇಲ್ಲ. ಕೇಳೋದು, ಓದೋದು ಅಷ್ಟೆ. ಮೀಟಿಂಗ್‌ನಲ್ಲಿ ಮಾತ್ರ ಮಾತಾಡಲೇಬೇಕು. ಹಾಗಾಗಿ ನನ್ನ ಸಲಹೆ: ಕೆಲಸ ಹುಡುಕೋರು ಮೊದಲು ಎನ್2 ಮುಗಿಸಿ. ಜಪಾನೀಸ್ ಗ್ರಾಹಕರ ಜೊತೆ ಈಗಾಗಲೇ ಕೆಲಸ ಮಾಡ್ತಿರೋರು ಬಿಜೆಟಿ ಬರೆದು ನೋಡಿ. ಯಾವುದೇ ಬರೆದ್ರೂ ದಿನಾ ಹತ್ತು ನಿಮಿಷ ಜೋರಾಗಿ ಮಾತಾಡಿ ಅಭ್ಯಾಸ ಮಾಡಿ.